ಹದಿನಾರು ಗುಲಗಂಜಿ

ಮುಳ್ಳು ಸವೆದದ್ದು ನನಗೆ ಗೊತ್ತಾಗಲಿಲ್ಲ.
ಮಗಳಿಗೆ ಗೊತ್ತಾಯಿತು:
"ಅಪ್ಪ, ಹಾಡಿನಲ್ಲಿ 'ಸ' ಬಂದಾಗೆಲ್ಲ
ಯಾರೋ ಮೀನು ಹುರಿಯುತ್ತಾರೆ."

ಹನ್ನೆರಡು ದಿನಾರಿಗೆ ಬಂದ ಯಂತ್ರ ಅದು.
ಗೋವೆಗೆ ಹೊರಟ ಫೆಲಿಶಿಯಾನೊ
ಮೆಟ್ಟಿಲ ಮೇಲೆ ಸಾಮಾನು ಹರಡಿ
ಫ್ಯಾನು, ಇಸ್ತ್ರಿಪೆಟ್ಟಿಗೆ, ಮಕ್ಕಳ ಸೈಕಲ್ಲು
ಎಲ್ಲ ಮಾರಿ ಉಳಿದದ್ದನ್ನು ನನ್ನ ತೋಳಿಗೆ ಹೊರಿಸಿ ಹೋದ;
ಜೊತೆಗೆ ಒಂದೇ ಒಂದು ತಟ್ಟೆ,
ಮುಹರ್ರಕ್ಕಿನ ಮುತ್ತು ಹೆಕ್ಕುವವರ ಹಾಡು.
ಅದರ ಹೊಟ್ಟೆಯೊಳಗಿನ ಗುನುಗು ಒಂದನ್ನೇ ಕೇಳಿಕೊಂಡು
ಸುಖವಾಗಿದ್ದೆ ನಾನು.

ಹದಿನೆಂಟು ವರ್ಷ, ಸಿತ್ರಾದ ಪಂಪುಗಳ ನಡುವೆ
ಸಮುದ್ರವನ್ನು ಸಿಹಿ ಮಾಡುವ ಕೆಲಸ.
ಕಿವಿಗೆ ಹತ್ತಿ, ಹತ್ತಿಯ ಮೇಲೆ ಮುಚ್ಚಳ. ಆದರೂ
ಕಂಪನಿಯ ಡಾಕ್ಟರು ತೋರಿಸಿದ ಕಾಗದದಲ್ಲಿ
ಗೆರೆ ನೆಟ್ಟಗೆ ನಡೆದು ಬಂದು
ಮೇಲಿನ ಸ್ವರಗಳ ಹತ್ತಿರ ಬಾವಿಗೆ ಬಿದ್ದಿತ್ತು.
"ಹಕ್ಕಿ ಗಿಕ್ಕಿ ಕೇಳಿಸುತ್ತಾ?" ಅಂದರು.
ಸಿತ್ರಾದಲ್ಲಿ ಹಕ್ಕಿ ಎಲ್ಲಿದೆ ಸಾರ್, ಅಂದೆ.

ಮನಾಮದ ಹಳೇ ಸೂಕಿನಲ್ಲಿ, ವಾಚು ರಿಪೇರಿಯವರ ಸಾಲಿನ ತುದಿಗೆ
ಹಾಜಿ ಜವಾದನ ಅಂಗಡಿ.
ಗಾಜಿನ ಕೆಳಗೆ ಮೂರು ಕಾರ್ಟ್ರಿಜ್ಜು, ಹೆಬ್ಬೆರಳ ಉಗುರಿನಷ್ಟು.
ಹದಿನಾಲ್ಕು ದಿನಾರಿನದು ದುಂಡು ತುದಿ.
ಮೂವತ್ತೆರಡರದು ಮೊಟ್ಟೆಯಾಕಾರ.
ಮೂರನೆಯದರ ಬೆಲೆ ಕೇಳಿದರೆ
ಮೊದಲು ಚಹಾ ಕುಡಿ, ಅಂದ.

ನನ್ನ ಕಿವಿಗೆ ದುಂಡು ಸಾಕು, ಅಂದೆ.
ಕುರುಡನ ಮನೆಗೆ ಯಾವ ಕನ್ನಡಿಯಾದರೇನು.
ಹಾಜಿ ತಟ್ಟೆಯನ್ನು ದೀಪಕ್ಕೆ ಓರೆ ಹಿಡಿದ:
"ಇದೂ ನಮ್ಮ ಸೂಕಿನ ಓಣಿಯೇ.
ಎಲ್ಲರೂ ಒಂದೇ ಎತ್ತರಕ್ಕೆ ಭುಜ ಉಜ್ಜಿ ನಡೆದು
ಅಷ್ಟೇ ಅಗಲ ಸುಣ್ಣ ಹೋಗಿದೆ.
ದುಂಡು ಮುಳ್ಳು ಮತ್ತೆ ಅಲ್ಲೇ ಉಜ್ಜುತ್ತದೆ.
ಸಪೂರದ್ದು ಕೆಳಗಿಳಿದು
ಯಾವ ಭುಜವೂ ತಾಗದ ಗೋಡೆ ಹುಡುಕುತ್ತದೆ.
ಸಿಕ್ಕರೆ ಸಿಕ್ಕೀತು. ಇಲ್ಲದಿದ್ದರೆ ಧೂಳು.
ಖಾತರಿ ಕೊಡುವವನು ನಾನಲ್ಲ."

ಎರಡನ್ನೂ ಹಾಕಿ ಕೇಳಿಸಿದ.
ಕಣ್ಣು ಮುಚ್ಚಿ ಕೇಳಿದೆ. ಒಂದೇ.
ಪ್ರಣಮ್ಯ ಸ್ಟೂಲಿನಿಂದ ಇಳಿದು ಹತ್ತಿರ ಬಂದಳು:
"ಎರಡನೆಯದರಲ್ಲಿ
ಮಡಕೆ ಬಾರಿಸುವವನ ಬೆರಳಿಗೆ ಉಂಗುರ ಇದೆ."
ಹಾಜಿ ಲೋಟ ಕೆಳಗಿಟ್ಟ. ಮತ್ತೆ ಹಾಕಿದ.
ನಾನೂ ಉಂಗುರ ಹುಡುಕಿದೆ,
ಮರಳಲ್ಲಿ ಹುಡುಕುವ ಹಾಗೆ, ಎರಡೂ ಕೈಯಿಂದ.

ಮೂವತ್ತೆರಡು ಎಣಿಸಿದೆ.
ಮೂರನೆಯದರ ಬೆಲೆ ಇವತ್ತಿಗೂ ತಿಳಿಯದು.

ಭಾರ ಎರಡು ಗ್ರಾಂ ಇರಬೇಕು, ಜಾಸ್ತಿಯಾದರೆ ಹಾಡು ಸವೆಯುತ್ತದೆ,
ಕಮ್ಮಿಯಾದರೆ ಮುಳ್ಳು ಹಾರಿ ಗೀಚುತ್ತದೆ.
ಅಲ್ಲಿಂದ ಎರಡು ಗಲ್ಲಿ ಆಚೆ, ಬಂಗಾರದಂಗಡಿಯಲ್ಲಿ
ಕುಮಟೆಯ ಸುಬ್ರಾಯ ವೆರ್ಣೇಕರನ ಹತ್ತಿರ ತಕ್ಕಡಿ ಕೇಳಿದೆ.
ಕಣ್ಣು ಕಿರಿದು ಮಾಡಿ ಅಜ್ಜನ ಲೆಕ್ಕಕ್ಕಿಳಿದ:
"ಹದಿನಾರು ಗುಲಗಂಜಿ, ಮೇಲೊಂದು ಚೂರು.
ಏನು, ಹೆಂಡತಿಗೆ ಮೂಗುತಿಯೋ?"
ಅಲ್ಲ ಮಾರಾಯ, ಹಾಡಿನ ಮೇಲಿಡುವ ಭಾರ.
ತುಸು ಹೊತ್ತು ನನ್ನನ್ನೇ ನೋಡಿ
ಶನಿವಾರ ವಾಪಸ್ ತಾ, ಅಂದ.

ಶರ್ಮಿಳಾ ಟಾರ್ಚು ಹಿಡಿದಳು.
ಅವಳ ಹುಬ್ಬಿನ ಚಿಮಟದಲ್ಲಿ ನಾಲ್ಕು ತಂತಿ,
ಕೆಂಪು, ಹಸಿರು, ಬಿಳಿ, ನೀಲಿ,
ಕೂದಲಿಗಿಂತ ಚೂರು ದಪ್ಪ.
ವಾಲ್ವಿನ ನಟ್ಟು ಬಿಗಿಯುವ ಬೆರಳಿವು, ಮಾತು ಕೇಳಲೊಲ್ಲವು.
ಒಂದೂಮುಕ್ಕಾಲು. ಎರಡೂಕಾಲು.
ಹಿಂದಿನ ಬಿಲ್ಲೆ ಒಂದೆಳೆ ತಿರುಗಿಸಿ, ಎರಡು.

ಏಸಿ ಆರಿಸಿದೆವು.
ಹಾಜಿ ಹೇಳಿದ್ದ: ಮುಳುಗುವವರಲ್ಲಿ ಎಷ್ಟೋ ಜನರಿಗೆ
ನೀರಿನ ಭಾರಕ್ಕೆ ಕಿವಿಪೊರೆ ಹರಿಯುತ್ತಿತ್ತು,
ಹಾಡು ಮಾತ್ರ ಬಿಡುತ್ತಿರಲಿಲ್ಲ.
ಅದಕ್ಕೇ ಇರಬೇಕು ಆ ಗುನುಗು ಅಷ್ಟು ಆಳ,
ನನಗೂ ಎಟಕುವಷ್ಟು.

ಮಗಳು ನೆಲದ ಮೇಲೆ ಕೂತು
ಉಂಗುರ ತಾಗಿದಾಗೆಲ್ಲ ಬೆರಳೆತ್ತುತ್ತಾಳೆ.
ನೋಡುತ್ತ ನೋಡುತ್ತ ಲಯ ಹಿಡಿದು
ಒಂದು ಸಲ ಅವಳಿಗಿಂತ ಮೊದಲೇ ನಾನೆತ್ತಿದೆ.

ತಪ್ಪು, ಅಂದಳು.