ತಡವಾದ ಪಂಚನಾಮೆ

ಮೂವತ್ತೊಂದು ವರ್ಷ ಅಬಕಾರಿ ಜವಾನ.
ಒಂದು ಹನಿ ನಾಲಿಗಿ ಮ್ಯಾಲೆ ಇಟ್ಟಾಂವ ಅಲ್ಲ.
ಆದ್ರ ಖಾಜಾಹುಸೇನನ ಮೂಗು ಅಂದ್ರ
ಯಲಬುರ್ಗಿಯಿಂದ ಗಿಣಿಗೇರಿ ತನಕ
ಹೂತಿಟ್ಟ ಗಡಿಗಿ ಹೂತಲ್ಲೇ ನಡಗತಿದ್ವು.

ಹಳ್ಳದ ಉಸುಕು, ಕೊಳತ ಬೆಲ್ಲ, ಜಾಲಿ ತೊಗಟಿ,
ಗಾಳಿ ಒಂದೀಟು ಈ ಕಡಿ ತಿರುಗಿದ್ರ ಸಾಕು,
ಜೀಪು ನಿಲ್ಲಸ್ರಿ ಅಂತಿದ್ದೆ.
ಬೂಟಿನ ಹಿಮ್ಮಡದಿಂದ ಒಂದ ಒದಿ.
ಗಡಿಗಿ ಒಡಿಯೋ ಸಪ್ಪಳ ಕಾಯಿ ಒಡದಂಗ ಅಲ್ಲ,
ಯಾರೋ ಮಾತಾಡತಾ ಮಾತಾಡತಾ
ಸುಮ್ಮನಾದಂಗ.

ಇವತ್ತು ಬನ್ನಿಕೊಪ್ಪದ ಆಚಿ, ರೈಲು ಹಳಿ ಮಗ್ಗಲ
ತಗಡಿನ ಶೆಡ್ಡು. ಗ್ವಾಡಿಗೆ ಲೈಸೆನ್ಸು.
ಅದರ ಮ್ಯಾಲಿನ ಎರಡು ತಲಿ ಹಕ್ಕಿ
ಎರಡೂ ಕಡಿ ನೋಡಕೋಂತ ಕುಂತೈತಿ.
"ಕಾಕಾ, ಮೂಗು ಇನ್ನೂ ಐತೇನು?"
ಕರಸಿದಾಕಿ ದೇವ್ಲಿ, ತಾಂಡಾದ ಗೋಮ್ಲಿಬಾಯಿ ಮಗಳು.

ಹಳಿ ಬೇಲಿಗೆ ನಿಂತ ಭೂತಾಳಿ.
ಎಮ್ಮಿ ಕಾಯೋ ಹುಡುಗರು ಎಲಿ ಮ್ಯಾಲೆ
ಮುಳ್ಳಿಲೆ ಹೆಸರು ಕೊರದಾರ. ಮಂಜುಳಾ. ಮಂಜುಳಾ.
ಇನ್ನೊಂದು ಎಲಿಗೆ ಬರೀ ಮಂ.
ಹನ್ನೆರಡು ವರ್ಷ ಗಿಡ ಇವನ್ನೆಲ್ಲ ಹೊರತೈತಿ,
ಒಮ್ಮೆ ಹೂವಿನ ಕಂಬ ಎತ್ತತೈತಿ, ಸಾಯತೈತಿ.
ಕಂಬ ಏಳೂ ಮುಂಚೆ ಕಡೀಬೇಕು.
ಎಲಿ ಸವರಿದ್ರ ಒಳಗ ಗೆಡ್ಡಿ,
ಹೋತಿನಷ್ಟು ತೂಕ.
ರಸ ತಾಗಿದ ಕೈ ಮೂರು ದಿನ ತುರಸತಾವ ಅಂತ
ಹೆಣಮಕ್ಕಳು ಮೊಣಕೈ ತನಕ ಎಣ್ಣಿ ಬಳಕೊಂಡಾರ.

ಎದಿಮಟ ಕುಣಿ. ತಳಕ್ಕ ಗುಡ್ಡದ ಗುಂಡುಗಲ್ಲು.
ಬಳ್ಳಾರಿ ಜಾಲಿ ಕಟಗಿ
(ಹೆಸರಷ್ಟ ಬಳ್ಳಾರಿ, ಅದೂ ಆ ಕಡಿ ದೇಶದ್ದ ಅಂತ).
ಕಲ್ಲು ಕೆಂಪಾದ ಮ್ಯಾಲೆ ಗೆಡ್ಡಿ, ಗೋಣಿತಾಟು, ಮಣ್ಣು.
ಮೂರನೇ ದಿನ ತಗದ್ರ ಬೆಲ್ಲದ ಬಣ್ಣ.
ಒಂದು ಎಳಿ ಕೊಟ್ಟಳು. ಜಗದೆ, ನಾರು ಉಗುಳಿದೆ.
ಸುಟ್ಟ ಗೆಣಸು.

ಆಮೇಲೆ ಕುಟ್ಟೋದು, ಕೊಳಸೋದು, ಕಾಸೋದು.
ಅದನ್ನ ನನಗ್ಯಾರೂ ಹೇಳಿಕೊಡಬೇಕಾಗಿಲ್ಲ.

ಮಾಡದಾಗ ಒಂದು ಬಾಟ್ಲಿ ಇತ್ತು.
"ಮೆಕ್ಸಿಕೊದ್ದು ಕಾಕಾ. ನಮ್ಮ ಭೂತಾಳಿಗೆ ದೂರದ ಬೀಗರು.
ಸೋತೋಲ್ ಅಂತಾರ."
ನನ್ನ ಎಡಗಿವಿ ಮಂದ.
"ಸೋತೋಳಾ? ಯಾರವ್ವಾ ಸೋತೋಳು?"
ದೇವ್ಲಿ ನಗಲಿಲ್ಲ.

ಅರ್ಧ ಸೋರೆಬುರಡಿಗೆ ಮ್ಯಾಲಿಂದ ಸುರದಳು.
ಗುಳ್ಳಿ ಅಂಚಿಗೆ ಸಾಲಾಗಿ ಕುಂತ್ರ ಜೋರೈತಿ ಅಂತ ಲೆಕ್ಕ.
"ಅವ್ವ ಒಲಿಗೆ ಚೆಲ್ಲತಿದ್ಲು. ನೀಲಿ ಎದ್ರ ಸೈ."

ಮದಲ ಅವರದ್ದು:
ಹಸಿ ಹುಲ್ಲು, ಮಳಿ ಬಿದ್ದ ಹಂಚು, ಬೇವಿನ ಅಂಟು,
ಎಲ್ಲೋ ಕುದುರಿ ಕಟ್ಟಿದ ಜಾಗ.
ಆಮೇಲೆ ನಮ್ಮದು:
ಗೆಣಸು, ಹೊಗಿ, ಹಸಿ ಶುಂಠಿ,
ಮುಚ್ಚಿಟ್ಟ ಪೆಟಗಿ ತಗದಂಗ ಒಂದು ಬಿಸಿ ಉಸಿರು.

"ಕಡಿಮಿ ಏನೈತಿ ಹೇಳು."

ಅದಿರಿನ ಗೂಡ್ಸು ಬಂತು. ಶೆಡ್ಡು ನಡಗಿತು.
ಐವತ್ತೆಂಟು ಡಬ್ಬಿ ಹೋಗೂ ತನಕ ಎಣಸಿದೆ.
"ಮಣ್ಣು" ಅಂದೆ. "ತಾಮ್ರದ ಹಂಡೆ ಭಾಳ ಸ್ವಚ್ಛ ಐತಿ.
ಹಳೇ ಗಡಿಗಿ ವಾಸನಿ ಇದರಾಗ ಇಲ್ಲ."

"ಇದ್ವು ಕಾಕಾ. ನಮ್ಮ ಅಜ್ಜಿ ಕಾಲದ್ವು."
ಎಷ್ಟು ಅಂತ ಆಕಿ ಹೇಳಲಿಲ್ಲ.
ಏಳು. ನನಗ ನೆನಪೈತಿ.
ಆವತ್ತಿನ ಕಾಗದದಾಗ ಅಕ್ಷರ ನಂದು:
"ಸದರಿ ಏಳು ಮಣ್ಣಿನ ಮಡಕೆಗಳನ್ನು
ಸ್ಥಳದಲ್ಲಿಯೇ ನಾಶಪಡಿಸಲಾಯಿತು."
ಕೆಳಗ ಗೋಮ್ಲಿಬಾಯಿ ಹೆಬ್ಬಟ್ಟು.
ಶಾಯಿ ಹೆಚ್ಚಾಗಿ ಹರದಿತ್ತು.

"ಕುಂಬಾರ ದ್ಯಾವಣ್ಣ ಇನ್ನೂ ತಿಗರಿ ತಿರುಗಸತಾನಂತ,
ನಾಳೆ ಹೋಗಿ..." ಅಂದೆ.
"ಹೊಸಾ ಗಡಿಗಿ ಹಳೇದಾಗಾಕ
ಒಂದು ಗಿಡದಷ್ಟು ವರ್ಷ ಬೇಕು ಕಾಕಾ."
ನನಗ ಈಗ ಎಪ್ಪತ್ತೊಂದು.

ಬುರಡಿ ಕೈಯಾಗ ಹಂಗ ಇತ್ತು, ಗುಳ್ಳಿ ಒಂದೊಂದ ಒಡೀತಿದ್ವು.
ಆಕಿ ವಹಿ ತಗದು ತಾರೀಖು ಹಾಕಿದಳು,
ಮಣ್ಣು ಅಂತ ಬರದಳು,
ಪೆನ್ನು ನನ್ನ ಕಡಿ ತಿರುಗಿಸಿ
ಸಹಿ ಮಾಡು ಅಂದಳು.