ತೂಕದ ಮೇಜಿನವಳು ಹೇಳಿದ್ದು

ಆಗಸ್ಟ್ ಕೊನೆಗೆ ನಮ್ಮ ಹೇಮೇ ದ್ವೀಪದಲ್ಲಿ
ಮಕ್ಕಳಿಗೆ ನಿದ್ದೆಯ ಕಾಯಿದೆ ಇಲ್ಲ.
ರಾತ್ರಿ ಒಂದಾದರೂ ಬೀದಿ ತುಂಬ ಬ್ಯಾಟರಿ ಬೆಳಕು,
ಕಂಕುಳಲ್ಲಿ ಬಾಳೆಹಣ್ಣು ಬಂದಿದ್ದ ರಟ್ಟಿನ ಪೆಟ್ಟಿಗೆ.
ಕಾರಿನಡಿ ಬಗ್ಗಿ, ಕಸದ ಡಬ್ಬಿಯ ಹಿಂದೆ ಇಣುಕಿ
ಏನು ಹುಡುಕುತ್ತೀರಿ ಮಕ್ಕಳೇ ಅಂದರೆ
ಹಕ್ಕಿಮರಿ ಅನ್ನುತ್ತಾರೆ,
ಬೀಗದಕೈ ಕಳೆದಿದೆ ಅನ್ನುವಷ್ಟು ಸಲೀಸಾಗಿ.

ವಿಷಯ ಇಷ್ಟೇ.
ಪಫಿನ್ ಹಕ್ಕಿ ಕಡಲ ದಿಬ್ಬದ ಬಿಲದಲ್ಲಿ
ಒಂದೇ ಒಂದು ಮೊಟ್ಟೆಯಿಟ್ಟು, ಒಂದೇ ಮರಿಯ ಬಾಯಿಗೆ
ಮೀನು ತುರುಕಿ ತುರುಕಿ, ಒಂದು ದಿನ
ಬರುವುದನ್ನೇ ಬಿಡುತ್ತದೆ.
ಮರಿ ಕಾಯುತ್ತದೆ. ಹಸಿವು ಅದನ್ನು ಬಾಗಿಲಿಗೆ ತರುತ್ತದೆ.
ಕತ್ತಲಲ್ಲಿ, ನೀರ ಮೇಲೆ ಹೊಳೆಯುವ ಚಂದ್ರನತ್ತ
ಹಾರಬೇಕು: ಹಣೆಯಲ್ಲಿ ಬರೆದದ್ದು ಅದು.
ಬರೆದಾಗ ಬಂದರಿನ ದೀಪ ಇರಲಿಲ್ಲ,
ಮೀನು ಕಾರ್ಖಾನೆಗೆ ರಾತ್ರಿಪಾಳಿ ಇರಲಿಲ್ಲ,
ಪೆಟ್ರೋಲ್ ಬಂಕಿನ ನೀಲಿ ಫಲಕ ಇರಲಿಲ್ಲ.
ಹಾಗಾಗಿ ಬೆಳದಿಂಗಳೆಂದು ಬಂಕಿಗೇ ಇಳಿದು
ಡಾಂಬರಿನ ಮೇಲೆ ಈಜಲು ನೋಡುತ್ತವೆ, ಪಾಪ.

ನನ್ನದು ತೂಗುವ ಕೆಲಸ.
ಇನ್ನೂರ ಐವತ್ತೆಂಟು ಗ್ರಾಂ. ಇನ್ನೂರ ಎಂಬತ್ತು. ಇನ್ನೂರ ಹತ್ತು, ಬಡಕಲು.
ಬೂದಿ ಮೆತ್ತಿದ ಮುಖ. ಚಿತ್ರದಲ್ಲಿ ಕಾಣುವ ಕಿತ್ತಳೆ ಕೊಕ್ಕು
ದೊಡ್ಡವಕ್ಕೆ ಮಾತ್ರ, ಅದೂ ಬೇಸಿಗೆಗೆ ಮಾತ್ರ;
ಚಳಿಗಾಲಕ್ಕೆ ಆ ಬಣ್ಣದ ಸಿಪ್ಪೆ ಕಳಚಿಟ್ಟು ಹೋಗುತ್ತವೆ
ಹಬ್ಬದ ಬಳೆ ತೆಗೆದಿಟ್ಟಂತೆ.
ಮರಿಗಳಿಗೆ ಇರುವುದು ಸಿಟ್ಟು, ಅಷ್ಟೇ.
ನನ್ನ ಎಡ ಹೆಬ್ಬೆರಳನ್ನು ನೋಡಿ ಬೇಕಾದರೆ.

ಬೆಳಿಗ್ಗೆ ದಿಬ್ಬದ ತುದಿಗೆ ಒಯ್ದು ಎಸೆಯಬೇಕು.
ಹೌದು, ಎಸೆಯುವುದೇ. ಎರಡೂ ಕೈಯಲ್ಲಿ ಹಿಡಿದು
ಕಾಲ ಸಂದಿನಿಂದ ತೂಗಿ ಮೇಲಕ್ಕೆ.
ಏಳು ವರ್ಷದ ಸುನ್ನೇವಾ ಹಾಗೆ ಎಸೆದದ್ದನ್ನು
ಯಾರೋ ಪ್ರವಾಸಿ ಫೋನಿನಲ್ಲಿ ಹಿಡಿದ.
ಹನ್ನೆರಡು ಸೆಕೆಂಡು.
ಕೆಂಪು ಟೋಪಿ, ಹಲ್ಲಿಲ್ಲದ ನಗು, ಗಾಳಿಯಲ್ಲಿ ಒಂದು ಕಪ್ಪು ಉಂಡೆ,
ಅಲ್ಲಿಗೆ ಮುಗಿಯುತ್ತದೆ.
ಮರಿ ರೆಕ್ಕೆ ಬಿಚ್ಚಿದ್ದು ಹದಿಮೂರನೆಯದರಲ್ಲಿ.

ಮೂರು ದಿನಕ್ಕೆ ನಲವತ್ತು ಲಕ್ಷ ಜನ ನೋಡಿದರಂತೆ.
ರಾಕ್ಷಸಿ ಅಂದರು, ತಾಯಿಯನ್ನು ಜೈಲಿಗೆ ಹಾಕಿ ಅಂದರು,
ಕೆಲವರು ಅದಕ್ಕೆ ಡೋಲು ಸೇರಿಸಿ ನಿಧಾನಗತಿಗಿಳಿಸಿದರು,
ಇನ್ಯಾರೋ ಮರಿಯ ಜಾಗಕ್ಕೆ ತಮ್ಮ ಮೇಲಧಿಕಾರಿಯ ತಲೆ ಅಂಟಿಸಿದರು.
(ಅದಕ್ಕೆ ನಾನೂ ನಕ್ಕೆ, ಸುಳ್ಳು ಯಾಕೆ.)
ಸುನ್ನೇವಾ ಕೇಳಿದ್ದು ಒಂದೇ:
"ನಲವತ್ತು ಲಕ್ಷ ಜನ ಇದ್ದರೆ
ಪೆಟ್ಟಿಗೆ ಹಿಡಿಯಲು ಯಾಕೆ ಬರಲಿಲ್ಲ?"

ಅವಳ ತಾತ ಥೋರ್ಗೆಯಿರ್ ಕಾರಲ್ಲೇ ಕೂತಿದ್ದ.
ಉದ್ದ ಕೋಲಿನ ಬಲೆ ಬೀಸಿ ಇದೇ ದಿಬ್ಬದಲ್ಲಿ
ದಿನಕ್ಕೆ ನೂರು ಹಕ್ಕಿ ಹಿಡಿಯುತ್ತಿದ್ದವ,
ಹೊಗೆಯಲ್ಲಿ ಹದಮಾಡಿದ ಎದೆಮಾಂಸದ ಮಾತೆತ್ತಿದರೆ
ಈಗಲೂ ತುಟಿ ಸವರಿಕೊಳ್ಳುವವ.
"ನಾನು ತಿಂದದ್ದನ್ನು ಅವಳು ಕಂತಿನಲ್ಲಿ ತೀರಿಸುತ್ತಿದ್ದಾಳೆ,"
ಅಂದ. ಪೆಟ್ರೋಲಿನ ದುಡ್ಡು ಮಾತ್ರ ಅವನದೇ.

ನನ್ನನ್ನೂ ಎಸೆದಿದ್ದರು ಒಮ್ಮೆ.
ಎಪ್ಪತ್ತಮೂರರ ಜನವರಿ, ನನಗೆ ನಾಲ್ಕು.
ನಡುರಾತ್ರಿ ಹೊಲ ಸೀಳಿ ಬೆಂಕಿ ಎದ್ದು
ಊರಿಗೆ ಊರೇ ಮೀನುದೋಣಿ ಹತ್ತಿದಾಗ
ಕಟ್ಟೆಯಿಂದ ಅಪ್ಪ, ದೋಣಿಯಿಂದ ಒಬ್ಬ ಅಪರಿಚಿತ,
ನಡುವೆ ನಾನು, ಒಂದು ಪಾದದಲ್ಲಿ ಮಾತ್ರ ಚಪ್ಪಲಿ.
ಅಪರಿಚಿತನ ಕೋಟಿಗೆ ಡೀಸೆಲ್ ವಾಸನೆ.
ಯಾರೂ ಚಿತ್ರ ತೆಗೆಯಲಿಲ್ಲ.
ಕೆಳಗಿನ ನೀರು ಕೆಂಪಗಿತ್ತು ಎಂಬುದಷ್ಟೇ ನೆನಪು,
ಹಾರಿದ್ದು ನೆನಪಿಲ್ಲ.

ಇವತ್ತಿನ ಕೊನೆಯದು ಹಟಮಾರಿ.
ಎಸೆದರೆ ಅರ್ಧಚಂದ್ರ ಹೊಡೆದು ಹುಲ್ಲಿಗೇ ಇಳಿದು
ಪುಟುಪುಟು ನಡೆದು ಬಂದು
ತನ್ನ ಬಾಳೆಹಣ್ಣಿನ ಪೆಟ್ಟಿಗೆಯಲ್ಲಿ ತಾನೇ ಕೂತಿತು.
ಮತ್ತೆ ತೂಗಿದೆ. ಮೂರು ಗ್ರಾಂ ಕಮ್ಮಿ;
ಆ ಮೂರು ಗ್ರಾಂ ಸುನ್ನೇವಾಳ ಅಂಗಿಯ ಮೇಲಿದೆ.
ನಾಳೆ ಗಾಳಿ ಪಡುವಣದ್ದಂತೆ.
ನೋಡೋಣ.