ಮೀಟರ್ ಓದುವವನ ತಾರಸಿ

ಎಂಟಕ್ಕೆಲ್ಲ ಹೆಗಲಿಗೆ ಚೀಲ, ಕೈಯಲ್ಲಿ ಬಿಲ್ಲಿನ ಯಂತ್ರ,
ಮತ್ತಿಕೆರೆಯ ಅಡ್ಡರಸ್ತೆಗಳಲ್ಲಿ
ದಿನಕ್ಕೆ ನೂರೈವತ್ತು ಗೇಟು ತೆರೆಯುವವ ನಾನು.
ಮೀಟರ್ ಇರುವುದು ಯಾವಾಗಲೂ ಮೆಟ್ಟಿಲ ಕೆಳಗೆ,
ಚಪ್ಪಲಿ ಸ್ಟ್ಯಾಂಡಿನ ಹಿಂದೆ, ಹಲ್ಲಿ ಸಂಸಾರದ ಪಕ್ಕ.
ಬಗ್ಗಿ ಅಂಕಿ ಓದುತ್ತೇನೆ. ಏಳುವಾಗ
ಕಣ್ಣು ತಾನಾಗಿ ಕುಂಡದ ಕಡೆ ಹೋಗುತ್ತದೆ.

ಯಾರ ಮನೆಯ ಯೂನಿಟ್ಟು ಎಷ್ಟೆಂದು ಬಲ್ಲೆ,
ಹೇಳುವುದಿಲ್ಲ, ಅದು ಕೆಲಸದ ಮರ್ಯಾದೆ.
ಯಾರ ದೊಡ್ಡಪತ್ರೆ ಸೊಂಪಾಗಿದೆ,
ಯಾರ ಕರಿಬೇವಿಗೆ ಹುಳ ಹತ್ತಿದೆ, ಅದನ್ನು ಕೇಳಿ,
ನಿಂತಲ್ಲೇ ಅರ್ಧ ಗಂಟೆ ಹೇಳಿಯೇನು.

ನಮ್ಮವ್ವ ಅನ್ನುತ್ತಿದ್ದಳು:
ಕೇಳಿ ತಂದ ಗಿಡ ಮುನಿಸಿಕೊಳ್ಳುತ್ತೆ,
ಕದ್ದು ತಂದದ್ದು ಬೇರು ಕಚ್ಚುತ್ತೆ.
ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡವನು
ಕದಿಯುವುದು ಹೇಗೆ?
ಒಮ್ಮೆ ಮಾತ್ರ, ಏಳನೇ ಮೇನಿನ ಬೀಗ ಬಿದ್ದ ಮನೆಯಲ್ಲಿ,
ಕಾಂಪೌಂಡಿನಾಚೆ ಬಾಗಿದ್ದ ಬಸಳೆಯ ಗೇಣುದ್ದ ಕುಡಿ ಮುರಿದು
ಬಿಲ್ಲಿನ ಕಾಗದದಲ್ಲಿ ಸುತ್ತಿ ಜೇಬಿಗಿಟ್ಟೆ.
ಸಂಜೆಯವರೆಗೂ ಎದೆ ಹೊಡೆದುಕೊಂಡಿತು.
ಅವ್ವನ ಮಾತು ಸುಳ್ಳಾಗಲಿಲ್ಲ. ಆ ಬಳ್ಳಿ ಈಗ
ನೀರಿನ ಟ್ಯಾಂಕನ್ನೇ ತಬ್ಬಿ ಕೂತಿದೆ.

ಉಳಿದವೆಲ್ಲ ಕೊಟ್ಟದ್ದೇ.
ಪೊನ್ನಮ್ಮಾಳ್ ಅವರ ಸುಗಂಧರಾಜದ ಗೆಡ್ಡೆ:
"ನೀ ಕೊಡೋದು ಬರೀ ಬಿಲ್ಲು. ತಗೋ, ನಾ ಕೊಡೋದು ಇದು."
ಬೇಕರಿ ಮೇಲಿನ ಮನೆಯ ತಬಸ್ಸುಮ್
ಬಿರಿಯಾನಿಗೆ ತಂದ ಕಟ್ಟಿನಿಂದ ಆರಿಸಿಕೊಟ್ಟ
ಬೇರಿದ್ದ ನಾಲ್ಕು ಪುದೀನ ಕಡ್ಡಿ.
ಗುಜರಿ ಅಂಗಡಿಯ ಲಕ್ಕಣ್ಣನದು ಗಿಡವಲ್ಲ,
ಹನ್ನೊಂದು ಪೇಂಟ್ ಬಕೆಟ್ಟು, ಒಂದಕ್ಕೆ ಹದಿನೈದು ರೂಪಾಯಿ,
ತಳಕ್ಕೆ ತೂತು ಕೊರೆದದ್ದು ಪುಕ್ಕಟೆ.

ಮೂರನೇ ಮಹಡಿಯ ಮೇಲೆ ನಮ್ಮದು ಒಂಟಿ ಕೋಣೆ, ಶೀಟಿನ ಮಾಡು.
ಬಾಡಿಗೆ ಕಡಿಮೆ, ಬಿಸಿಲು ಧಾರಾಳ.
ಫ್ರಿಜ್ ಇಲ್ಲವೆಂದು ಬಂದವರು ಮರುಗುತ್ತಾರೆ.
ಹೊನ್ನಮ್ಮ ಸಾರು ಕುದಿಯುವ ಹೊತ್ತಿಗೆ
ಒಲೆ ಸಣ್ಣ ಮಾಡಿ ಆಚೆ ಹೋಗಿ
ಎರಡು ಟೊಮೆಟೊ, ನಾಲ್ಕೆಸಳು ಕೊತ್ತಂಬರಿ ಕಿತ್ತು ತರುತ್ತಾಳೆ.
ನಮ್ಮ ಫ್ರಿಜ್ಜಿಗೆ ಬಾಗಿಲಿಲ್ಲ ಅಷ್ಟೆ,
ಅಳಿಲೂ ಬಂದು ತಿಂದು ಹೋಗುತ್ತದೆ.

ಬೋರ್‌ವೆಲ್ ಕೆಮ್ಮಿ ಸುಮ್ಮನಾದ ಆ ಏಪ್ರಿಲ್ಲಿನಲ್ಲಿ
ಟ್ಯಾಂಕರಿನಿಂದ ಮನೆಗೆ ನಾಲ್ಕೇ ಕೊಡ.
ಅಕ್ಕಿ ತೊಳೆದ ನೀರು ಮೆಣಸಿಗೆ,
ಪಾತ್ರೆ ಗಲಬರಿಸಿದ ನೀರು ಬಾಳೆಗೆ.
ನಾನು ಟಬ್ಬಿನೊಳಗೆ ನಿಂತು ಅರ್ಧ ಬಕೆಟ್ಟಿನಲ್ಲಿ ಮಿಂದು
ಆ ನೀರನ್ನು ಬದನೆಗೆ ಹೊಯ್ದೆ.
ಬದನೆ ಬದುಕಿತು. ಮೂಲಂಗಿ ಉಳಿಯಲಿಲ್ಲ.
ಗುಲಾಬಿಯೂ ಹೋಯಿತು. ಅದಕ್ಕೆ ಕೊಂಚ ಅತ್ತೆ,
ಹೊನ್ನಮ್ಮನಿಗೆ ಗೊತ್ತಿಲ್ಲ.
ಗೊತ್ತಿದ್ದರೂ ಹೇಳಿಲ್ಲ.

ಹೋದ ತಿಂಗಳು ಏಳನೇ ಮೇನಿನ ಬೀಗ ತೆರೆದಿತ್ತು.
ಹದಿನಾಲ್ಕು ತಿಂಗಳು ಅಲ್ಲಾಡದ ಅಂಕಿ
ಮೂರು ಯೂನಿಟ್ಟು ಮುಂದೆ ಸರಿದಿತ್ತು.
ಅಂಗಳದಲ್ಲಿ ಒಬ್ಬಾಕೆ ಒಣಗಿದ ಬಳ್ಳಿ ಎಳೆದೆಳೆದು
ರಾಶಿ ಹಾಕುತ್ತಿದ್ದಳು.
"ಅಮ್ಮ ಹಾಕಿದ್ದ ಬಸಳೆ," ಅಂದಳು, ನನಗಲ್ಲ, ಕೈಲಿದ್ದ ಕಡ್ಡಿಗೆ.
ನಾನು ಬಿಲ್ಲು ಹರಿದು ಕೊಟ್ಟು ಬಂದೆ.
ಬಾಯಿ ಬರಲಿಲ್ಲ.

ಮರುದಿನ ಭಾನುವಾರ. ಚೀಲವಿಲ್ಲ, ಯಂತ್ರವಿಲ್ಲ.
ಮೂರು ಕುಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹೋಗಿ
ಗೇಟಿನಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ.
ಆಕೆ ನಕ್ಕಳೋ ಇಲ್ಲವೋ ನೋಡುವಷ್ಟು ಧೈರ್ಯವಿರಲಿಲ್ಲ.
"ಹೀಗೆ ಕೊಟ್ಟರೆ ಬರುತ್ತದಾ?" ಅಂದಳು.
ಅವ್ವ ಅದಕ್ಕೇನೂ ಹೇಳಿರಲಿಲ್ಲ.

ಈ ತಿಂಗಳು ಬಗ್ಗಿ ಓದಿದೆ: ನಲವತ್ತೊಂದು ಯೂನಿಟ್ಟು.
ಏಳುವಾಗ ನೋಡಿದೆ:
ಎರಡು ಕುಡಿ ಬಾಡಿವೆ.
ಒಂದರಲ್ಲಿ, ಗಂಟಿನ ಹತ್ತಿರ, ಉಗುರಿನಷ್ಟು
ಕೆಂಪು.